ಹೆಸರು ಬಿಟ್ಟುಹೋದ ತಾಯಂದಿರು



ಹಾಸನದ ದಕ್ಷಿಣಕ್ಕಿರುವ ಮೊಸಳೆ ಗ್ರಾಮವನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಹೊಯ್ಸಳರ ಕಾಲದ ಎರಡು ಗುಡಿಗಳು ಅಲ್ಲಿ ಅಕ್ಕಪಕ್ಕದಲ್ಲಿ ನಿಂತಿವೆ. ಒಂದು ನಾಗೇಶ್ವರನದು, ಇನ್ನೊಂದು ಚೆನ್ನಕೇಶವನದು. ಶೈವರ ಗುಡಿಯೂ ವೈಷ್ಣವರ ಗುಡಿಯೂ ಅವಳಿ ಮಕ್ಕಳಂತೆ ಒಂದೇ ಅಂಗಳವನ್ನು ಹಂಚಿಕೊಂಡಿವೆ. ಇಲ್ಲಿಂದ ಬಹಳ ದೂರವಿಲ್ಲದ ಚನ್ನರಾಯಪಟ್ಟಣ ಸೀಮೆಯ ಶ್ರವಣಬೆಳಗೊಳದಲ್ಲಿ ರಾಣಿ ಶಾಂತಲೆ 1123ರಲ್ಲಿ ಕಟ್ಟಿಸಿದ ಬಸದಿಯಿದೆ. ವಿಷ್ಣುಭಕ್ತನೆಂದು ಹೆಸರಾದ ವಿಷ್ಣುವರ್ಧನನ ಮಡದಿಯಾದ ಆಕೆ ಕೊನೆಯವರೆಗೂ ಜಿನಭಕ್ತೆಯಾಗಿಯೇ ಬಾಳಿದಳು. ಬೇರೆ ಬೇರೆಯಾದುದು ಜೊತೆಯಾಗಿ ನಿಲ್ಲುವುದು ನಮ್ಮ ನೆಲಕ್ಕೆ ಹೊಸತಲ್ಲ ಎನ್ನುವುದಕ್ಕೆ ಈ ಎರಡು ಸಾಕ್ಷಿಗಳು ಸಾಕು.

ಇಂದು ಮೊಸಳೆ, ಹೊಳೆನರಸೀಪುರ, ಅರಕಲಗೂಡುಗಳಂಥ ಊರುಗಳಿಂದ ಹೆಣ್ಣುಮಕ್ಕಳು ಓದಿ, ಬೆಂಗಳೂರಿನ ವೈಟ್‌ಫೀಲ್ಡಿನ ಕಚೇರಿಗಳಿಗೂ, ಅಲ್ಲಿಂದ ಹೊರದೇಶದ ಆಸ್ಪತ್ರೆ, ಕಂಪನಿಗಳಿಗೂ ಹೋಗುತ್ತಿದ್ದಾರೆ. ಅವರಲ್ಲೊಬ್ಬಳು ಒಬ್ಬ ಯೂರೋಪಿಯನ್ನನನ್ನೋ ಅಮೆರಿಕನ್ನನನ್ನೋ ಮೆಚ್ಚಿದಳೆಂಬ ಸುದ್ದಿ ಊರಿಗೆ ಬಂದಾಗ ಏನಾಗುತ್ತದೆಂದು ನಿಮಗೆ ಗೊತ್ತು. ಹುಡುಗನ ಗುಣವೇನು, ಕೆಲಸವೇನು, ತಂದೆತಾಯಿಯರು ಯಾರು ಎಂದು ಕೇಳುವವರು ಕಡಿಮೆ. “ಬಿಳಿ ತೊಗಲಿಗೆ ಮರುಳಾದಳು”, “ವೀಸಾಕ್ಕಾಗಿ ಮದುವೆಯಾದಳು”, “ಡಾಲರ್ ಹಿಂದೆ ಹೋದಳು”, “ನಮ್ಮ ಹುಡುಗರು ಅವಳ ಕಣ್ಣಿಗೆ ಕಾಣಲಿಲ್ಲವೋ?” ಎಂಬ ಮಾತುಗಳು ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲೇ ಹುಟ್ಟಿಕೊಳ್ಳುತ್ತವೆ. ಆಡಿದವರು ಅದನ್ನು ತಮಾಷೆಯೆಂದುಕೊಳ್ಳುತ್ತಾರೆ. ಆ ಹೆಣ್ಣುಮಗಳ ತಾಯಿ ಮಾತ್ರ ತಲೆ ತಗ್ಗಿಸಿ ಮನೆಗೆ ನಡೆಯುತ್ತಾಳೆ.

ಈ ಮಾತುಗಳು ಇವತ್ತಿನವಲ್ಲ. ಅವುಗಳಿಗೆ ನಮ್ಮ ನೆಲದಲ್ಲೇ ಮೂರು ಶತಮಾನಗಳಿಗೂ ಮೀರಿದ ಚರಿತ್ರೆಯಿದೆ. ಆ ಚರಿತ್ರೆಯನ್ನು ತಿಳಿದವರು ಅಂಥ ಮಾತು ನಾಲಗೆಯ ತುದಿಗೆ ಬಂದಾಗ ಒಂದು ಗಳಿಗೆ ತಡೆಯುತ್ತಾರೆ. ಆದ್ದರಿಂದ ಆ ಹಾದಿಯಲ್ಲಿ ನನ್ನೊಡನೆ ಸ್ವಲ್ಪ ದೂರ ನಡೆದು ಬನ್ನಿ.

ಒಂದು ವರಹದ ಬೆಲೆ

1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಗೋವೆಯನ್ನು ಗೆದ್ದನು. ತನ್ನ ಸೈನಿಕರು ಅಲ್ಲಿನ ಹೆಂಗಸರನ್ನು ಮದುವೆಯಾಗಿ ನೆಲೆಯೂರಲಿ ಎಂಬುದು ಅವನ ನೀತಿಯಾಗಿತ್ತು. ಹಾಗೆ ಮದುವೆಯಾದ ಹೆಂಗಸರಿಗೆ ಜ್ಞಾನಸ್ನಾನವಾಯಿತು. ಗಂಡಂದಿರಿಗೆ ಜಮೀನು, ಅನುಕೂಲಗಳು ದೊರೆತವು. ಇದು ರಾಜ್ಯವನ್ನು ಬೇರೂರಿಸುವ ಉಪಾಯವಾಗಿತ್ತು. ಯುದ್ಧದಲ್ಲಿ ಸೋತ ಊರಿನ ಹೆಣ್ಣನ್ನು ಗೆದ್ದ ಸೈನಿಕನಿಗೆ ಕೊಟ್ಟು ಮದುವೆ ಮಾಡುವಾಗ ಅವಳ ಒಪ್ಪಿಗೆ ಎಷ್ಟು ಸ್ವತಂತ್ರವಾಗಿತ್ತು ಎಂದು ನಾವು ಇಂದು ಕೇಳಲೇಬೇಕು.

1687ರಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ನಿನ ನಿರ್ದೇಶಕರು ಮದರಾಸಿನ ಕೋಟೆಗೆ ಒಂದು ಪತ್ರ ಬರೆದರು. ತಮ್ಮ ಸೈನಿಕರು ಈ ದೇಶದ ಹೆಂಗಸರನ್ನು ಮದುವೆಯಾಗುವುದು ಮುಂದಿನ ಪೀಳಿಗೆಗಳ ದೃಷ್ಟಿಯಿಂದ ಮಹತ್ವದ್ದೆಂದೂ, ಅಂಥ ಮದುವೆಯಿಂದ ಹುಟ್ಟಿದ ಪ್ರತಿಯೊಂದು ಮಗುವಿಗೆ ಜ್ಞಾನಸ್ನಾನವಾಗುವ ದಿನ ಅದರ ತಾಯಿಗೆ ಒಂದು ಪಗೋಡ, ಅಂದರೆ ನಮ್ಮ ಮಾತಿನಲ್ಲಿ ಒಂದು ವರಹ, ಕೊಡುವ ಆಲೋಚನೆ ತಮಗಿದೆಯೆಂದೂ ಅವರು ತಿಳಿಸಿದರು. ಇಂಗ್ಲೆಂಡಿನಿಂದ ಹೆಂಗಸರನ್ನು ಹಡಗಿನಲ್ಲಿ ಕರೆತರುವುದು ದುಬಾರಿ. ಕೋಟೆಯನ್ನು ಕಾಯಲು ಮುಂದೆ ಸೈನಿಕರು ಬೇಕು. ಲೆಕ್ಕ ಅಷ್ಟೇ ಸರಳವಾಗಿತ್ತು.

ಅಂದು ಆ ತಾಯಿ ಯಾರ ಕಣ್ಣಿಗೂ “ಬಿಳಿಯನ ಹಿಂದೆ ಹೋದವಳು” ಆಗಿರಲಿಲ್ಲ. ಕಂಪನಿಗೆ ಅವಳು ಬೇಕಾಗಿದ್ದಳು. ಬೇಕಾದವಳಿಗೆ ಕೆಟ್ಟ ಹೆಸರು ಅಂಟುವುದಿಲ್ಲವೆಂಬುದನ್ನು ದಯವಿಟ್ಟು ನೆನಪಿನಲ್ಲಿಡಿ.

ಮುಚ್ಚಿದ ಬಾಗಿಲು

ನೂರು ವರ್ಷ ಕಳೆಯುವಷ್ಟರಲ್ಲಿ ಕಂಪನಿ ವ್ಯಾಪಾರಿಯಿಂದ ಅರಸನಾಯಿತು. ಅರಸನಾದವನಿಗೆ ಆಳುವವರ ಮತ್ತು ಆಳಿಸಿಕೊಳ್ಳುವವರ ನಡುವೆ ಒಂದು ಗೆರೆ ಬೇಕಾಯಿತು. ಈ ತಾಯಂದಿರ ಮಕ್ಕಳು ಸರಿಯಾಗಿ ಆ ಗೆರೆಯ ಮೇಲೆ ನಿಂತಿದ್ದರು. 1786ರಲ್ಲಿ, ಅಧಿಕಾರಿಗಳ ಅನಾಥ ಮಕ್ಕಳಲ್ಲಿ ತಾಯಿ ಭಾರತೀಯಳಾಗಿದ್ದವರು ವಿದ್ಯಾಭ್ಯಾಸಕ್ಕೆ ಇಂಗ್ಲೆಂಡಿಗೆ ಹೋಗದಂತೆ ತಡೆಯಾಯಿತು. 1791ರಲ್ಲಿ ತಂದೆತಾಯಿಯರಲ್ಲಿ ಒಬ್ಬರು ಭಾರತೀಯರಾಗಿದ್ದವರಿಗೆ ಕಂಪನಿಯ ಮುಲ್ಕಿ, ಸೈನಿಕ, ನೌಕಾ ಹುದ್ದೆಗಳು ಮುಚ್ಚಿದವು. 1795ರಲ್ಲಿ ಇನ್ನೂ ಬಿಗಿಯಾಗಿ, ತಂದೆತಾಯಿಯರಿಬ್ಬರೂ ಯೂರೋಪಿಯನ್ನರಲ್ಲದವರು ಸೈನ್ಯದಲ್ಲಿ ಕೊಳಲೂದುವ, ನಗಾರಿ ಬಾರಿಸುವ, ಕುದುರೆಗೆ ಲಾಳ ಕಟ್ಟುವ ಕೆಲಸಗಳಿಗೆ ಮಾತ್ರ ಎಂದಾಯಿತು. ಅಪ್ಪ ಕರ್ನಲ್ ಆಗಿದ್ದರೂ ಮಗ ಲಾಳ ಕಟ್ಟಬೇಕು. ಕಾರಣ ಅಮ್ಮ.

ಈ ಕಾಲದಲ್ಲೇ ಹೈದರಾಬಾದಿನ ನಿಜಾಮನ ದರ್ಬಾರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಜೇಮ್ಸ್ ಅಚಿಲಿಸ್ ಕರ್ಕ್‌ಪ್ಯಾಟ್ರಿಕ್ ಎಂಬಾತನು ಅಲ್ಲಿನ ಕುಲೀನ ಮನೆತನದ ಖೈರುನ್ನೀಸಾ ಎಂಬವಳನ್ನು ಮದುವೆಯಾದನು. ಗವರ್ನರ್ ಜನರಲ್ ವೆಲ್ಲೆಸ್ಲಿ ಅವನ ಮೇಲೆ ವಿಚಾರಣೆ ನಡೆಸಿದನು. 1805ರಲ್ಲಿ ಅವರ ಇಬ್ಬರು ಪುಟ್ಟ ಮಕ್ಕಳನ್ನು ಇಂಗ್ಲೆಂಡಿಗೆ ಕಳಿಸಲಾಯಿತು. ಅದೇ ವರ್ಷ ಕರ್ಕ್‌ಪ್ಯಾಟ್ರಿಕ್ ಕಲ್ಕತ್ತೆಯಲ್ಲಿ ತೀರಿಕೊಂಡನು. ಮಕ್ಕಳಿಗೆ ಅಲ್ಲಿ ಕ್ಯಾಥರಿನ್, ವಿಲಿಯಂ ಎಂಬ ಹೊಸ ಹೆಸರುಗಳಾದವು. 1813ರಲ್ಲಿ ಸಾಯುವವರೆಗೂ ಆ ತಾಯಿಗೆ ತನ್ನ ಮಕ್ಕಳ ಮುಖವನ್ನು ಮತ್ತೆ ಕಾಣಲಾಗಲಿಲ್ಲ. ದೊಡ್ಡ ಮನೆತನದ ಹೆಣ್ಣಿನ ಪಾಡೇ ಹೀಗಾದರೆ, ಸಾಮಾನ್ಯ ಸಿಪಾಯಿಯ ಮನೆಯಲ್ಲಿದ್ದ ಹೆಂಗಸಿನ ಪಾಡನ್ನು ನೀವೇ ಊಹಿಸಿಕೊಳ್ಳಿ.

ಬಾಗಿಲು ಮುಚ್ಚಿದಂತೆಲ್ಲ ಮಾತುಗಳೂ ಬದಲಾದವು. 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ಎಂಬ ಆಂಗ್ಲೋ-ಇಂಡಿಯನ್ ಪದಕೋಶವನ್ನು ತೆರೆದು ನೋಡಿದರೆ ಇದು ಸ್ಪಷ್ಟವಾಗುತ್ತದೆ. ‘ಬೀಬಿ’ ಎಂಬುದು ಮೊದಲು ಗೌರವದ ಮಾತು. ಒಂದು ಕಾಲಕ್ಕೆ ಯೂರೋಪಿನ ಹೆಂಗಸರನ್ನೂ ಹಾಗೆಯೇ ಕರೆಯುತ್ತಿದ್ದರು. ಆಮೇಲೆ ಅವರಿಗೆ ‘ಮೇಮ್‌ಸಾಹೇಬ್’ ಎಂಬ ಹೆಸರು ಬಂದು, ‘ಬೀಬಿ’ ಕೆಳಗಿಳಿಯಿತು. ದೊರೆಗಳು ಬಂಗಲೆಯ ಹಿಂದಿನ ಮನೆಯಲ್ಲಿ ಇರಿಸಿದ ಹೆಂಗಸಿಗೆ ಆ ಮಾತು ಮೀಸಲಾಯಿತು. ಆಕೆಯ ಮಕ್ಕಳಿಗೆ ಮತ್ತು ಅವರು ಆಡುವ ಇಂಗ್ಲಿಷಿಗೆ ‘ಛೀ ಛೀ’ ಎಂಬ ಅಡ್ಡಹೆಸರು. ಈ ಮಾತು ಎಲ್ಲಿಂದ ಬಂತೆಂದು ಬಲ್ಲಿರಾ? ದಕ್ಷಿಣ ಭಾರತದವರು ಅಸಹ್ಯ ತೋರಿಸಲು ಬಳಸುವ ‘ಛೀ’ ಎಂಬ ಉದ್ಗಾರದಿಂದಲೇ ಬಂದದ್ದೆಂದು ಆ ಕೋಶ ಹೇಳುತ್ತದೆ. ನಮ್ಮ ಮನೆಯಲ್ಲಿ ಮಗು ಮಣ್ಣು ತಿಂದಾಗ ಆಡುವ ಮಾತು ಒಂದು ಜನಾಂಗದ ಹೆಸರಾಯಿತು. ಒಬ್ಬನ ಮೈಯಲ್ಲಿ ಕಪ್ಪು ರಕ್ತ ಎಷ್ಟಿದೆಯೆಂಬುದನ್ನು ಆಣೆಯ ಲೆಕ್ಕದಲ್ಲಿ ಹೇಳುವ ರೂಢಿಯೂ ಇತ್ತೆಂದು ಅದೇ ಕೋಶದಲ್ಲಿದೆ. ಹದಿನಾರಾಣೆಯ ರೂಪಾಯಿಯಲ್ಲಿ ಇವನು ಎರಡಾಣೆ, ಅವನು ನಾಲ್ಕಾಣೆ! ತಾಯಿಯನ್ನು ಚಿಲ್ಲರೆಯಾಗಿ ಎಣಿಸಿದರು.

‘ಇಟ್ಟುಕೊಂಡವಳು’

ಬಿಳಿಯರು ಮಾತ್ರ ಹೀಗೆ ಮಾಡಿದರೆಂದು ನಾವು ಕೈ ತೊಳೆದುಕೊಳ್ಳುವಂತಿಲ್ಲ. ನಮ್ಮ ಹಾಸನ ಜಿಲ್ಲೆಯ ಪಶ್ಚಿಮದ ಮಂಜರಾಬಾದ್ ಸೀಮೆಯಲ್ಲಿ, ಅಂದರೆ ಇಂದಿನ ಸಕಲೇಶಪುರದ ಕಡೆ, 1840ರ ದಶಕದಿಂದ ಯೂರೋಪಿಯನ್ನರು ಕಾಫಿ ತೋಟಗಳನ್ನು ಮಾಡತೊಡಗಿದರು. ಬಯಲುಸೀಮೆಯಿಂದ ಕೂಲಿಯವರು ಗುಂಪುಗುಂಪಾಗಿ ಘಟ್ಟ ಹತ್ತಿದರು. ತೋಟದ ಒಡೆಯನಾದ ಬಿಳಿಯನು ‘ದೊರೆ’. ಅವನ ದೇಶದಿಂದ ಬಂದ ಹೆಂಡತಿ ‘ದೊರೆಸಾನಿ’. ಬಂಗಲೆಯಲ್ಲಿ ಅವನೊಡನೆ ಬಾಳಿದ ಕೂಲಿಯ ಮಗಳನ್ನು ಯಾರೂ ದೊರೆಸಾನಿ ಎನ್ನಲಿಲ್ಲ. ಅಂಥವಳಿಗೆ ಕನ್ನಡದಲ್ಲಿ ಇರುವ ಮಾತು ‘ಇಟ್ಟುಕೊಂಡವಳು’.

ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಿ. ಇಟ್ಟುಕೊಂಡವನು ಯಾರು? ಅವನು. ಕ್ರಿಯೆ ಅವನದು, ಮನೆ ಅವನದು, ಹಣ ಅವನದು, ಬಿಟ್ಟುಹೋಗುವ ಸ್ವಾತಂತ್ರ್ಯವೂ ಅವನದು. ಆದರೆ ಹೆಸರು ಅಂಟಿದ್ದು ಅವಳಿಗೆ. ಅವನು ಆ ಊರಿನಲ್ಲಿ ದೊರೆಯಾಗಿಯೇ ಉಳಿದ. ಅವಳ ಕುಲದವರು ಅವಳನ್ನು ಪಂಕ್ತಿಯಿಂದ ಎಬ್ಬಿಸಿದರು. ದೊರೆ ಹಡಗು ಹತ್ತಿ ಊರಿಗೆ ಹೋದ ಮೇಲೆ ಅವಳಿಗೆ ಹಿಂದಿರುಗಲು ತವರೂ ಇಲ್ಲ, ಉಳಿಯಲು ಬಂಗಲೆಯೂ ಇಲ್ಲ. ಎರಡು ಕಡೆಯ ಗಂಡಸರೂ ಸೇರಿ ಒಬ್ಬಳ ಮೇಲೆ ಹಾಕಿದ ದಂಡ ಅದು.

ಹಳೆಯ ಸೈನಿಕ ಚರ್ಚುಗಳ ಜ್ಞಾನಸ್ನಾನದ ದಾಖಲೆಗಳಲ್ಲಿ ಇದರ ಗುರುತು ಉಳಿದಿದೆ. ಮಗುವಿನ ಹೆಸರಿರುತ್ತದೆ. ತಂದೆಯ ಹೆಸರು, ಹುದ್ದೆ, ದಳ ಇರುತ್ತವೆ. ತಾಯಿಯ ಜಾಗದಲ್ಲಿ ಎಷ್ಟೋ ಕಡೆ ‘ದೇಶೀಯ ಹೆಂಗಸು’ ಎಂದಷ್ಟೇ ಬರೆದಿರುತ್ತದೆ. ಒಂಬತ್ತು ತಿಂಗಳು ಹೊತ್ತವಳಿಗೆ ಆ ಪುಟದಲ್ಲಿ ಒಂದು ಹೆಸರಿನಷ್ಟು ಸ್ಥಳ ಸಿಗಲಿಲ್ಲ. ದಾಖಲೆ ಬರೆಯುವ ಕೆಲಸ ಮಾಡುವ ನಮ್ಮಂಥ ಗುರುಗಳು ಇದನ್ನು ಓದಿ ಸುಮ್ಮನೆ ಪುಟ ಮಗುಚುವಂತಿಲ್ಲ.

ಹೆಸರು ಉಳಿದ ಒಬ್ಬಳು

ಹೆಸರು ಉಳಿದವರಲ್ಲಿ ಒಬ್ಬಳು ನಮ್ಮ ನೆರೆಯವಳು. ಅರಕಲಗೂಡಿನ ಗಡಿಗೆ ತಾಗಿಯೇ ಕೊಡಗು. ಅಲ್ಲಿ ಆಳಿದ ಹಾಲೇರಿ ಮನೆತನದ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು 1834ರಲ್ಲಿ ಬ್ರಿಟಿಷರು ಪದಚ್ಯುತಗೊಳಿಸಿದರು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಕಾದಂಬರಿಯ ಮೂಲಕ ಆ ಅರಸನು ನಿಮಗೆ ಪರಿಚಿತನು. ಅವನನ್ನು ವೇಲೂರಿಗೂ ಅಲ್ಲಿಂದ ಕಾಶಿಗೂ ಕಳಿಸಲಾಯಿತು. ಕಾಶಿಯಲ್ಲಿ 1841ರಲ್ಲಿ ಗೌರಮ್ಮ ಹುಟ್ಟಿದಳು. 1852ರಲ್ಲಿ ಅರಸನು ಕಂಪನಿಯ ವಶದಲ್ಲಿದ್ದ ತನ್ನ ಹಣವನ್ನು ಕೇಳಲು ಮಗಳನ್ನು ಕರೆದುಕೊಂಡು ಲಂಡನ್ನಿಗೆ ಹೋದನು. ಆ ವರ್ಷವೇ ಹನ್ನೊಂದರ ಹರೆಯದ ಗೌರಮ್ಮನಿಗೆ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರಿಂದ ಆಂಗ್ಲಿಕನ್ ವಿಧಿಯಲ್ಲಿ ಜ್ಞಾನಸ್ನಾನವಾಯಿತು. ವಿಕ್ಟೋರಿಯ ರಾಣಿಯೇ ಜ್ಞಾನತಾಯಿಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟಳು. ಅಂದಿನಿಂದ ಅವಳು ವಿಕ್ಟೋರಿಯ ಗೌರಮ್ಮ.

ಅವಳ ಚಿತ್ರವನ್ನು ವಿಂಟರ್‌ಹಾಲ್ಟರ್ ಬರೆದನು; ಅಮೃತಶಿಲೆಯ ಎದೆಮಟ್ಟದ ಪ್ರತಿಮೆಯನ್ನು ಮರೊಚೆಟ್ಟಿ ಕೆತ್ತಿದನು. ಆದರೆ ಹುಡುಗಿಯನ್ನು ಬೇರೆ ಮನೆಯಲ್ಲಿ ಇರಿಸಿ ಬೆಳೆಸಿದರು. ತಂದೆಯೊಡನೆ ಒಡನಾಟವನ್ನು ಮಿತಿಗೊಳಿಸಿದರು. ಪಂಜಾಬಿನಿಂದ ಬಂದ, ಕ್ರೈಸ್ತನಾಗಿದ್ದ ಯುವ ಮಹಾರಾಜ ದುಲೀಪ್ ಸಿಂಗನೊಡನೆ ಅವಳ ಮದುವೆಯಾಗಬೇಕೆಂಬುದು ರಾಣಿಯ ಬಯಕೆ. ಇಬ್ಬರು ದೇಶಭ್ರಷ್ಟ ಮಕ್ಕಳನ್ನು ಜೋಡಿಸಿ ಭಾರತಕ್ಕೊಂದು ಮಾದರಿ ತೋರಿಸುವ ಆಸೆ. ದುಲೀಪ್ ಸಿಂಗ್ ಒಪ್ಪಲಿಲ್ಲ. 1859ರಲ್ಲಿ ತಂದೆ ಲಂಡನ್ನಿನಲ್ಲೇ ತೀರಿಕೊಂಡನು. 1860ರಲ್ಲಿ ಗೌರಮ್ಮ ತನಗಿಂತ ಸುಮಾರು 30 ವರ್ಷ ಹಿರಿಯನಾದ, ಹೆಂಡತಿಯನ್ನು ಕಳೆದುಕೊಂಡಿದ್ದ ಕರ್ನಲ್ ಜಾನ್ ಕ್ಯಾಂಪ್‌ಬೆಲ್ ಎಂಬವನನ್ನು ಮದುವೆಯಾದಳು. 1861ರಲ್ಲಿ ಎಡಿತ್ ಎಂಬ ಮಗಳಾದಳು. 1864ರಲ್ಲಿ, ಇಪ್ಪತ್ತಮೂರು ತುಂಬುವ ಮೊದಲೇ, ಗೌರಮ್ಮ ಕ್ಷಯದಿಂದ ತೀರಿಕೊಂಡಳು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಅವಳ ಸಮಾಧಿಯಿದೆ.

ಓದುಗರೇ, ಈ ಬಾಳಿನಲ್ಲಿ “ಬಿಳಿ ತೊಗಲಿಗೆ ಮರುಳಾದಳು” ಎಂಬ ಮಾತಿಗೆ ಎಲ್ಲಿ ಜಾಗವಿದೆ? ದೇಶವನ್ನು ಅವಳು ಆರಿಸಲಿಲ್ಲ. ಊರನ್ನೂ ಮನೆಯನ್ನೂ ಅವಳು ಆರಿಸಲಿಲ್ಲ. ಹನ್ನೊಂದರ ವಯಸ್ಸಿನಲ್ಲಿ ಧರ್ಮವನ್ನೂ ಹಿರಿಯರೇ ಆರಿಸಿದರು. ಕೊಡಗನ್ನು ಅವಳು ಒಮ್ಮೆಯೂ ಕಾಣಲಿಲ್ಲ. ತಂದೆಗೆ ಅವಳು ಹಣ ಹಿಂದಿರುಗಿ ಪಡೆಯುವ ದಾರಿಯಾದಳು. ರಾಣಿಗೆ ಧರ್ಮಪ್ರಸಾರದ ನಿದರ್ಶನವಾದಳು. ಅವಳು ಯಾರೆಂದು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಒಬ್ಬ ಅರಸನ ಮಗಳನ್ನೂ ಜನ ಒಂದು ಗುರುತಿನ ಚೀಟಿಯಾಗಿ ಕಂಡರೆಂದರೆ, ಹೆಸರಿಲ್ಲದವರನ್ನು ಹೇಗೆ ಕಂಡಿರಬೇಕು!

ವೈಟ್‌ಫೀಲ್ಡಿನ ಇನ್ನೊಂದು ಮುಖ

ನಮ್ಮ ಮಕ್ಕಳು ದುಡಿಯಲು ಹೋಗುವ ವೈಟ್‌ಫೀಲ್ಡಿಗೆ ಆ ಹೆಸರು ಬಂದದ್ದು ಬಿಳಿಯ ಬಣ್ಣದಿಂದಲ್ಲ. ಡಿ. ಎಸ್. ವೈಟ್ ಎಂಬ ಮದರಾಸಿನ ಮುಖಂಡರ ಹೆಸರಿನಿಂದ ಅದು ಬಂದಿತು. 1882ರಲ್ಲಿ ಮಹಾರಾಜ ಹತ್ತನೆಯ ಚಾಮರಾಜ ಒಡೆಯರು ಯುರೇಷ್ಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ಭೂಮಿಯನ್ನು ಕೊಟ್ಟರು. ಎರಡು ಕಡೆಯೂ ಸಲ್ಲದೆ ಉಳಿದ ಕುಟುಂಬಗಳು ಬೇಸಾಯ ಮಾಡಿ ಮರ್ಯಾದೆಯಿಂದ ಬಾಳಲಿ ಎಂಬುದು ಉದ್ದೇಶ. ಕಂಪನಿಯ ಸರಕಾರ ಮುಚ್ಚಿದ ಬಾಗಿಲಿನ ಹೊರಗೆ ನಿಂತವರ ಮೊಮ್ಮಕ್ಕಳಿಗೆ ಮೈಸೂರಿನ ಅರಸರು ನೆಲ ಕೊಟ್ಟರು. ಇಂದು ಅಲ್ಲಿ ಗಾಜಿನ ಕಟ್ಟಡಗಳಿವೆ. ಅವುಗಳ ತಳದ ಮಣ್ಣಿನಲ್ಲಿ ಆ ತಾಯಂದಿರ ಕತೆಯಿದೆ.

ರೈಲ್ವೆ, ತಂತಿ ಇಲಾಖೆ, ಶಾಲೆ, ಆಸ್ಪತ್ರೆಗಳಲ್ಲಿ ಆಂಗ್ಲೋ-ಇಂಡಿಯನ್ನರು ಮಾಡಿದ ಸೇವೆಯನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ. ಒಂದು ಸಂಗತಿಯನ್ನು ಮಾತ್ರ ಗಮನಿಸಿ. ನಮ್ಮ ಸಂವಿಧಾನದ 366ನೆಯ ವಿಧಿಯಲ್ಲಿ ಆಂಗ್ಲೋ-ಇಂಡಿಯನ್ ಎಂದರೆ ಯಾರೆಂಬ ವಿವರಣೆಯಿದೆ. ತಂದೆಯ ಕಡೆಯಿಂದ ಯೂರೋಪಿನ ಮೂಲ ಇರಬೇಕು ಎಂಬುದು ಅದರ ತಿರುಳು. ಇಡೀ ಸಮುದಾಯವು ಭಾರತೀಯ ತಾಯಂದಿರಿಂದ ಹುಟ್ಟಿ ಬೆಳೆದದ್ದಾದರೂ ಅದರ ವಿವರಣೆಯಲ್ಲಿ ಎಣಿಕೆಗೆ ಬಂದವನು ತಂದೆ. ಲೋಕಸಭೆ ಮತ್ತು ವಿಧಾನಸಭೆಗಳಿಗೆ ಆ ಸಮುದಾಯದವರನ್ನು ನೇಮಿಸುವ ಏರ್ಪಾಡು 2020ರ ಜನವರಿಯಲ್ಲಿ ಕೊನೆಗೊಂಡಿತು. ವಿವರಣೆ ಹಾಗೆಯೇ ಉಳಿದಿದೆ.

ಇನ್ನೊಂದು ಕಾನೂನು ನಮ್ಮ ಮನೆಗಳಿಗೆ ಇನ್ನೂ ಹತ್ತಿರದ್ದು. 1955ರ ಪೌರತ್ವ ಕಾಯಿದೆಯ ಪ್ರಕಾರ, ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ವಂಶದ ಮೂಲಕ ಭಾರತದ ಪೌರತ್ವ ಸಿಗಬೇಕಾದರೆ ತಂದೆ ಭಾರತೀಯನಾಗಿರಬೇಕಿತ್ತು. ತಾಯಿ ಭಾರತೀಯಳಾಗಿದ್ದರೆ ಸಾಲದಾಗಿತ್ತು. ಹೊರದೇಶದವಳನ್ನು ಮದುವೆಯಾದ ಮಗನ ಮಗು ನಮ್ಮದು. ಹೊರದೇಶದವನನ್ನು ಮದುವೆಯಾದ ಮಗಳ ಮಗು ಪರರದು. 1992ರ ತಿದ್ದುಪಡಿಯ ನಂತರವೇ ತಾಯಿಯ ಮೂಲಕವೂ ಪೌರತ್ವ ದೊರೆಯುವಂತಾಯಿತು. ಕಾನೂನು ತಿದ್ದಿಕೊಂಡಿತು. ನಾಲಗೆ ಇನ್ನೂ ತಿದ್ದಿಕೊಂಡಿಲ್ಲ.

ಎರಡು ಸುಳ್ಳುಗಳ ನಡುವೆ

ಇದು ನಮ್ಮೊಬ್ಬರ ರೋಗವಲ್ಲ. ಯೂರೋಪಿನವರ, ಅಮೆರಿಕನ್ನರ ಸೇನೆ ಅಥವಾ ಹಣ ಕಾಲಿಟ್ಟ ಏಷ್ಯದ ದೇಶಗಳಲ್ಲೆಲ್ಲ ಇಂಥ ಮಾತುಗಳು ಹುಟ್ಟಿವೆ. ಡಚ್ಚರು ಆಳಿದ ಜಾವಾದಲ್ಲಿ ‘ನ್ಯಾಯಿ’ ಎಂಬ ಗೌರವದ ಮಾತು, ಡಚ್ಚನ ಮನೆಯಲ್ಲಿ ಮದುವೆಯಿಲ್ಲದೆ ಬಾಳುವ ಹೆಂಗಸಿನ ಹೆಸರಾಗಿ ಕೆಳಗಿಳಿಯಿತು. ನಮ್ಮ ‘ಬೀಬಿ’ಯ ಕತೆಯೇ ಅಲ್ಲಿಯೂ ನಡೆಯಿತು. ಇಂಡೋನೇಷ್ಯದ ಕಾದಂಬರಿಕಾರ ಪ್ರಮೂದ್ಯ ಅನಂತ ತೂರ್ 1980ರಲ್ಲಿ ಪ್ರಕಟವಾದ ತನ್ನ ಕೃತಿಯಲ್ಲಿ ಅಂಥ ಒಬ್ಬಳನ್ನು ಬುದ್ಧಿವಂತೆಯಾದ, ತಲೆಯೆತ್ತಿ ನಿಂತ ಹೆಣ್ಣಾಗಿ ಚಿತ್ರಿಸಿ ಆ ಮಾತಿನ ಕೊಳೆಯನ್ನು ತೊಳೆದನು. ಫ್ರೆಂಚರ ವಿಯೆಟ್ನಾಮಿನಲ್ಲಿ ಅಂಥವರನ್ನು ‘ಮೆ ತಾಯ್’ ಎಂದು ಹೀಯಾಳಿಸಿದರು. ಕೊರಿಯಾದಲ್ಲಿ ಅಮೆರಿಕನ್ ಸೈನಿಕರ ಒಡನಾಟದಲ್ಲಿದ್ದ ಹೆಂಗಸರಿಗೆ ‘ಯಾಂಗ್‌ಗೊಂಗ್ಜು’ ಎಂದರು. ‘ಪಾಶ್ಚಾತ್ಯರ ರಾಜಕುಮಾರಿ’ ಎಂದು ಅದರ ಅರ್ಥ. ಹೆಸರು ರಾಜಕುಮಾರಿಯದು, ಉದ್ದೇಶ ಉಗುಳುವುದು. ಯುದ್ಧದ ಬಡತನದಲ್ಲಿ ಮನೆಮಂದಿಯ ಹೊಟ್ಟೆ ಹೊರೆದವರಿಗೆ ಸಂದ ಬಹುಮಾನ ಇದು. ಶಾಂತಿಯ ಕಾಲದಲ್ಲೂ ಈ ರೂಢಿ ನಿಲ್ಲಲಿಲ್ಲ. ಸಿಂಗಪುರದಲ್ಲಿ ‘ಸರೊಂಗ್ ಪಾರ್ಟಿ ಗರ್ಲ್’, 1990ರ ದಶಕದ ಜಪಾನಿನಲ್ಲಿ ‘ಯೆಲ್ಲೋ ಕ್ಯಾಬ್’, ಅಂದರೆ ಯಾರು ಕೈ ಬೀಸಿದರೂ ನಿಲ್ಲುವ ಬಾಡಿಗೆ ಕಾರು, ಎಂಬ ಕೀಳು ಮಾತುಗಳು ಚಾಲ್ತಿಗೆ ಬಂದವು.

ಪಶ್ಚಿಮದವರು ಇದಕ್ಕೆದುರಾಗಿ ಇನ್ನೊಂದು ಬೊಂಬೆಯನ್ನು ಮಾಡಿಕೊಂಡರು. 1904ರಲ್ಲಿ ಮಿಲಾನಿನಲ್ಲಿ ಮೊದಲು ಪ್ರದರ್ಶನಗೊಂಡ ಪುಚಿನಿಯ ‘ಮದಾಮ ಬಟರ್‌ಫ್ಲೈ’ ಸಂಗೀತನಾಟಕದಲ್ಲಿ, ಬಿಟ್ಟುಹೋದ ಅಮೆರಿಕನ್ ಗಂಡನಿಗಾಗಿ ಕಾದು ಕಾದು ಪ್ರಾಣ ಕಳೆದುಕೊಳ್ಳುವ ಜಪಾನೀ ಹುಡುಗಿ ನಾಯಿಕೆ. ಏಷ್ಯದ ಹೆಣ್ಣೆಂದರೆ ವಿಧೇಯಳು, ಮೌನಿ, ಬೇಡಿಕೆಯಿಲ್ಲದವಳು ಎಂಬ ಕಲ್ಪನೆ ಅಲ್ಲಿ ಇಂದಿಗೂ ಬಾಳುತ್ತಿದೆ. ಹೀಗೆ ಅಲ್ಲಿಯವರು ಅವಳನ್ನು ಬೊಂಬೆ ಎನ್ನುತ್ತಾರೆ, ಇಲ್ಲಿಯವರು ಮಾರಿಕೊಂಡವಳು ಎನ್ನುತ್ತಾರೆ. ಎರಡೂ ಸುಳ್ಳು. ಎರಡರ ನಡುವೆ ಒಬ್ಬ ನಿಜವಾದ ಹೆಂಗಸು ತನ್ನ ಗಂಡನೊಡನೆ ಸಂಸಾರ ನಡೆಸಬೇಕು.

ನಾವು ಗಂಡುಮಕ್ಕಳನ್ನು ಇದೇ ತಕ್ಕಡಿಯಲ್ಲಿ ತೂಗುತ್ತೇವೆಯೇ? ಕಪುರ್ತಲದ ಮಹಾರಾಜನು 1908ರಲ್ಲಿ ಸ್ಪೇನಿನ ಅನಿತಾ ದೆಲ್ಗಾದೊ ಎಂಬ ನರ್ತಕಿಯನ್ನು ಮದುವೆಯಾದನು. ಪುದುಕೋಟೆಯ ರಾಜನು 1915ರಲ್ಲಿ ಆಸ್ಟ್ರೇಲಿಯದ ಮಾಲಿ ಫಿಂಕ್ ಎಂಬವಳನ್ನು ವರಿಸಿದನು. ಅವರಿಗೆ ಬ್ರಿಟಿಷ್ ಸರಕಾರದ ಸಿಟ್ಟು ತಟ್ಟಿತು, ನಿಜ. ಆದರೆ ‘ಬಿಳಿಯಳ ಹಿಂದೆ ಹೋದವನು’ ಎಂಬ ಬೈಗುಳ ನಮ್ಮ ಭಾಷೆಯಲ್ಲಿ ಹುಟ್ಟಲಿಲ್ಲ. ಇಂದಿಗೂ ಮಗನು ಹೊರದೇಶದ ಸೊಸೆಯನ್ನು ತಂದರೆ ಸೀರೆ ಉಡಿಸಿ, ಫೋಟೊ ತೆಗೆದು ಊರಿಗೆಲ್ಲ ತೋರಿಸುತ್ತೇವೆ. ಮಗಳು ಹೊರದೇಶದ ಅಳಿಯನನ್ನು ತಂದರೆ ಬಾಗಿಲು ಹಾಕಿಕೊಳ್ಳುತ್ತೇವೆ. ಈ ವ್ಯತ್ಯಾಸವೇ ಎಲ್ಲವನ್ನೂ ಹೇಳುತ್ತದೆ. ಆ ಬೈಗುಳದ ಬೇರು ಧರ್ಮದಲ್ಲಿಲ್ಲ, ಸಂಸ್ಕೃತಿಯಲ್ಲಿಲ್ಲ. ಹೆಣ್ಣು ಒಂದು ಗುಂಪಿನ ಆಸ್ತಿ, ಆ ಆಸ್ತಿ ಪರರ ಪಾಲಾಯಿತು ಎಂಬ ಭಾವನೆಯಲ್ಲಿದೆ. ಆಸ್ತಿಗೆ ಇಷ್ಟಾನಿಷ್ಟಗಳಿರುವುದಿಲ್ಲ. ಆದ್ದರಿಂದ ಅವಳು ಮೆಚ್ಚಿದಳೆಂದರೆ ನಂಬಲಾಗುವುದಿಲ್ಲ. ಮರುಳಾದಳು ಎಂದೋ ಮಾರಿಕೊಂಡಳು ಎಂದೋ ಹೇಳಬೇಕಾಗುತ್ತದೆ.

ಧರ್ಮಸಭೆ ಕೇಳುವ ಪ್ರಶ್ನೆ

ಹಾಗೆಂದು ಎಲ್ಲ ಮದುವೆಗಳೂ ಕ್ಷೇಮವೆಂದು ನಾನು ಹೇಳುತ್ತಿಲ್ಲ. ಚರಿತ್ರೆಯಲ್ಲಿ ಬಲಾತ್ಕಾರವಿತ್ತು, ಮೋಸವಿತ್ತು, ಬಿಟ್ಟುಹೋದವರಿದ್ದರು. ಇಂದಿಗೂ ಮೊದಲ ಮದುವೆಯನ್ನು ಮುಚ್ಚಿಟ್ಟು ಬರುವವರುಂಟು. ಪರದೇಶದಲ್ಲಿ ಭಾಷೆ ಬಾರದ ಹೆಣ್ಣನ್ನು ನಾಲ್ಕು ಗೋಡೆಗಳ ಒಳಗೆ ಇರಿಸುವವರುಂಟು. ಅವರಲ್ಲಿ ಬಿಳಿಯರೂ ಇದ್ದಾರೆ, ನಮ್ಮ ಊರಿನ ವರರೂ ಇದ್ದಾರೆ. ತಂದೆತಾಯಿ ವಿಚಾರಿಸಬೇಕು. ಆದರೆ ವಿಚಾರಿಸುವುದು ಬೇರೆ, ಹೀಯಾಳಿಸುವುದು ಬೇರೆ. ಹೀಯಾಳಿಕೆಗೆ ಹೆದರಿದ ಮಗಳು ಮನೆಗೆ ಏನನ್ನೂ ಹೇಳುವುದಿಲ್ಲ. ಕಷ್ಟ ಬಂದಾಗಲೂ ಹೇಳುವುದಿಲ್ಲ. “ನೀನೇ ಹೋದದ್ದಲ್ಲವೇ” ಎಂಬ ಉತ್ತರ ಅವಳಿಗೆ ಮೊದಲೇ ಗೊತ್ತಿರುತ್ತದೆ. ಅಲ್ಲಿಗೆ ಅವಳನ್ನು ಕಾಪಾಡಬಹುದಾಗಿದ್ದ ಕೊನೆಯ ಬಾಗಿಲನ್ನೂ ನಾವೇ ಮುಚ್ಚಿದಂತಾಯಿತು. ಕಾಫಿ ತೋಟದ ಆ ಹೆಂಗಸಿಗೆ ತವರಿನ ಬಾಗಿಲು ಮುಚ್ಚಿದ ಹಾಗೆಯೇ.

ಧರ್ಮಸಭೆಯ ನಿಯಮ ಇಲ್ಲಿ ಬಹಳ ನೇರವಾಗಿದೆ. ವಿವಾಹವನ್ನು ವಿವಾಹವಾಗಿಸುವುದು ಇಬ್ಬರ ಸ್ವತಂತ್ರವಾದ ಸಮ್ಮತಿ. ಆದ್ದರಿಂದ ಮದುವೆಗೆ ಮುನ್ನ ಗುರುಗಳು ವರನನ್ನೂ ವಧುವನ್ನೂ ಬೇರೆ ಬೇರೆಯಾಗಿ ಕೂರಿಸಿ, ಯಾರ ಒತ್ತಾಯವೂ ಇಲ್ಲದೆ ಒಪ್ಪಿದ್ದೀರಾ ಎಂದು ಕೇಳುತ್ತಾರೆ. ಬೇರೆ ಮದುವೆಯ ಬಂಧವಿಲ್ಲವೆಂಬ ಪ್ರಮಾಣಪತ್ರವನ್ನು ಕೇಳುತ್ತಾರೆ. ಧರ್ಮ ಬೇರೆಯಾಗಿದ್ದರೆ ಧರ್ಮಾಧ್ಯಕ್ಷರ ಅನುಮತಿ ಬೇಕು. ಬಣ್ಣ, ಜನಾಂಗ, ದೇಶ ಎಂಬ ಅಡ್ಡಿ ಆ ಪಟ್ಟಿಯಲ್ಲಿಲ್ಲ. ಕುಟುಂಬಗಳೂ ಇವೇ ಪ್ರಶ್ನೆಗಳನ್ನು ಇದೇ ಗೌರವದಿಂದ ಕೇಳಿದರೆ ಸಾಕು: ನೀನು ಮನಸ್ಸಾರೆ ಒಪ್ಪಿದ್ದೀಯಾ ಮಗಳೇ? ಅವನ ಹಿಂದಿನ ಬಾಳು ನಿನಗೆ ಗೊತ್ತೇ? ಅವನ ಮನೆಯವರನ್ನು ಕಂಡಿದ್ದೀಯಾ? ಕಷ್ಟ ಬಂದರೆ ನಮಗೆ ಹೇಳುತ್ತೀಯಲ್ಲವೇ?

ಪವಿತ್ರ ಗ್ರಂಥದಲ್ಲೂ ಇಂಥದೊಂದು ಸಂದರ್ಭವಿದೆ. ಮೋಶೆಯು ಕೂಷ್ ದೇಶದ ಹೆಣ್ಣನ್ನು ಮದುವೆಯಾದನೆಂದು ಅವನ ಸ್ವಂತ ಅಕ್ಕ ಮಿರ್ಯಾಮಳೂ ಅಣ್ಣ ಆರೋನನೂ ಹಿಂದಿನಿಂದ ಮಾತಾಡಿಕೊಂಡರು. ದೇವರಿಗೆ ಆ ಮಾತು ಕೇಳಿಸಿತು. ಮಿರ್ಯಾಮಳು ತೊನ್ನಿನಿಂದ ಬಿಳಿಚಿಕೊಂಡು ಏಳು ದಿನ ಪಾಳೆಯದ ಹೊರಗೆ ಇರಬೇಕಾಯಿತೆಂದು ಸಂಖ್ಯಾಕಾಂಡದ ಹನ್ನೆರಡನೆಯ ಅಧ್ಯಾಯ ಹೇಳುತ್ತದೆ. ಪರದೇಶದ ಹೆಂಡತಿಗೆ ಅಲ್ಲಿ ಶಿಕ್ಷೆಯಾಗಲಿಲ್ಲ. ಹೊರಗೆ ಹೋದದ್ದು ಮಾತಾಡಿದ ನಾಲಗೆ. ಸಂತ ಮತ್ತಾಯನು ಬರೆದ ಪ್ರಭು ಯೇಸುವಿನ ವಂಶಾವಳಿಯಲ್ಲಿ ಮೋವಾಬಿನ ರೂತಳ ಹೆಸರು ಇದೆಯೆಂಬುದನ್ನೂ ಮರೆಯಬೇಡಿ. ಪುರುಷರ ಹೆಸರುಗಳೇ ತುಂಬಿದ ಆ ಪಟ್ಟಿಯಲ್ಲಿ ಪರದೇಶದ ಒಬ್ಬ ತಾಯಿಯನ್ನು ಹೆಸರಿಟ್ಟು ಬರೆದಿದ್ದಾರೆ.

ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ಜ್ಞಾನಸ್ನಾನದ ದಾಖಲೆ ಬರೆಯುವಾಗ ತಂದೆಯ ಹೆಸರಿನ ಪಕ್ಕದಲ್ಲೇ ತಾಯಿಯ ಹೆಸರಿಗೂ ಸ್ಥಳವಿದೆ. ರಜೆಗೆ ಊರಿಗೆ ಬಂದ ಮಗಳೊಬ್ಬಳು ಹೊರದೇಶದ ಗಂಡನೊಡನೆ ನಿಂತು ಮಗುವಿಗೆ ಜ್ಞಾನಸ್ನಾನ ಕೊಡಿಸುವ ದಿನ ನಿಮ್ಮ ದೇವಾಲಯದಲ್ಲೂ ಬರಬಹುದು. ಅಂದು ನೀವು ಆ ಬೆಂಚುಗಳಲ್ಲಿ ಕೂತಿರುತ್ತೀರಿ. ಪೂಜೆ ಮುಗಿದ ಮೇಲೆ ಅಂಗಳಕ್ಕೆ ಬಂದು ಆ ತಾಯಿಯನ್ನು ಅವಳ ಹೆಸರು ಹಿಡಿದು ಕರೆಯಿರಿ, ಮಗುವನ್ನು ಎತ್ತಿಕೊಳ್ಳಿ, ಅಳಿಯನಿಗೆ ಊಟಕ್ಕೆ ಹೇಳಿ.

ದೇವರು ನಿಮ್ಮ ಮನೆಗಳನ್ನು ಹರಸಲಿ.